ಗ್ರಂಥಾಲಯದ ಸರ್ವರ್ ಕಂಪ್ಯೂಟರ್ ತಾನಾಗಿ ಸಸ್ಪೆಂಡ್ ಆಗುತ್ತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿರುವ ಕೋಹಾ ಸರ್ವರ್ ಪದೇ ಪದೇ ಸಸ್ಪೆಂಡ್ ಆಗುತ್ತಿರುವುದನ್ನು ಶಾಶ್ವತವಾಗಿ ಸರಿಪಡಿಸಿಕೊಡುವ ಕುರಿತು.

ಮಾನ್ಯರೇ,

ನಮ್ಮ ಪದವಿ ಕಾಲೇಜಿನ ಗ್ರಂಥಾಲಯಕ್ಕೆ ತಾವು ಸರಬರಾಜು ಮಾಡಿ, ಡೆಬಿಯನ್ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಮತ್ತು ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶವನ್ನು ಅಳವಡಿಸಿಕೊಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್, ಅದರ ಕೀಬೋರ್ಡನ್ನಾಗಲಿ ಮೌಸನ್ನಾಗಲಿ ಯಾರೂ ಮುಟ್ಟದೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಸಸ್ಪೆಂಡ್ ಆಗುತ್ತಿದೆ, ಅಂದರೆ ಕೆಲಸ ನಿಲ್ಲಿಸಿ ನಿದ್ರಾಸ್ಥಿತಿಗೆ ಹೋಗುತ್ತಿದೆ. ದೂರವಾಣಿಯಲ್ಲಿ ಹಲವು ಸಲ ತಿಳಿಸಿದ್ದೇವೆ. ತಮ್ಮ ತಂತ್ರಜ್ಞರು ಬಂದಾಗಲೆಲ್ಲ ‘ದೋಷ ಸರಿಪಡಿಸಲಾಗಿದೆ’ ಎಂದು ಬರೆದ ಸೇವಾ ವರದಿಗೆ ನಮ್ಮ ಸಹಿ ಪಡೆದು ಹೋಗಿದ್ದಾರೆ, ಆದರೆ ದೋಷ ಇದ್ದಲ್ಲೇ ಇದೆ. ಹಾಗಾಗಿ ಲಿಖಿತವಾಗಿ ದೂರು ಸಲ್ಲಿಸುತ್ತಿದ್ದೇನೆ.

ಈ ಕಂಪ್ಯೂಟರ್ ಒಳಕೋಣೆಯಲ್ಲಿದೆ; ಅದರ ಮುಂದೆ ಕುಳಿತು ಕೆಲಸ ಮಾಡುವವರು ಯಾರೂ ಇಲ್ಲ. ಪುಸ್ತಕ ಕೊಡುವ ಕೌಂಟರಿನ ಯಂತ್ರ, ವಾಚನಾಲಯದ ಎರಡು ಹುಡುಕಾಟದ ಯಂತ್ರಗಳು, ನನ್ನ ಮೇಜಿನ ಯಂತ್ರ ಎಲ್ಲವೂ ನೆಟ್‌ವರ್ಕ್ ಮೂಲಕ ಅದನ್ನೇ ಅವಲಂಬಿಸಿವೆ. ‘ಯಂತ್ರ ಸುಮ್ಮನಿದೆ’ ಎಂದು ಡೆಸ್ಕ್‌ಟಾಪ್ ತೀರ್ಮಾನಿಸುವುದು ಕೀಬೋರ್ಡ್ ಮತ್ತು ಮೌಸ್ ನೋಡಿಯೇ ಹೊರತು, ಬೇರೆ ಯಂತ್ರಗಳಿಂದ ಬರುವ ಕೋರಿಕೆಗಳನ್ನು ನೋಡಿ ಅಲ್ಲ. ಆದ್ದರಿಂದ ಕೌಂಟರಿನಲ್ಲಿ ಸಾಲುಗಟ್ಟಿ ನಿಂತ ವಿದ್ಯಾರ್ಥಿಗಳಿಗೆ ಪುಸ್ತಕ ಬರೆದುಕೊಡುತ್ತಿರುವಾಗಲೇ ಸರ್ವರ್ ನಿಂತುಹೋಗುತ್ತದೆ. ಸ್ಕ್ಯಾನರ್ ಬಾರ್‌ಕೋಡನ್ನು ಓದಿ ಸದ್ದು ಮಾಡುತ್ತದೆ, ಬ್ರೌಸರಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ, ಪುಟ ಬರುವುದಿಲ್ಲ. ನಮ್ಮ ಸಹಾಯಕಿ ಎದ್ದು ಒಳಕೋಣೆಗೆ ಹೋಗಿ ಸ್ಪೇಸ್ ಬಾರ್ ಒತ್ತಿದರೆ ಯಂತ್ರ ಎಚ್ಚರಗೊಂಡು ಕೆಲಸ ಮುಂದುವರಿಯುತ್ತದೆ. ಅವರು ರಜೆಯಲ್ಲಿದ್ದ ದಿನ ಬೇರೊಬ್ಬ ಸಿಬ್ಬಂದಿ, ಯಂತ್ರ ಕೆಟ್ಟಿದೆಯೆಂದು ಭಾವಿಸಿ, ಪವರ್ ಬಟನ್ನನ್ನು ಒತ್ತಿ ಹಿಡಿದು ಆಫ್ ಮಾಡಿದ್ದರು. ಡೇಟಾಬೇಸ್ ಇರುವ ಯಂತ್ರವನ್ನು ಹಾಗೆ ಆರಿಸಿದರೆ ಏನಾಗಬಹುದೆಂದು ತಮಗೆ ವಿವರಿಸಬೇಕಿಲ್ಲ.

ತಮ್ಮ ತಂತ್ರಜ್ಞರು ಮಾಡಿದ್ದೇನೆಂದರೆ, ನಮ್ಮ ಬಳಕೆದಾರ ಖಾತೆಗೆ ಲಾಗಿನ್ ಆಗಿ, ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ತಾನಾಗಿ ಸಸ್ಪೆಂಡ್ ಆಗುವುದನ್ನು ನಿಲ್ಲಿಸಿದ್ದು. ಅದು ಈಗಲೂ ಹಾಗೆಯೇ ಇದೆ, ನಾನೇ ನೋಡಿದ್ದೇನೆ. ಆ ಆಯ್ಕೆ ಆ ಖಾತೆಗೆ ಮಾತ್ರ ಅನ್ವಯಿಸುತ್ತದೆ, ಇಡೀ ಯಂತ್ರಕ್ಕೆ ಅಲ್ಲ. ಇನ್ನೂ ಯಾರೂ ಲಾಗಿನ್ ಆಗದ ಹೊತ್ತಿನಲ್ಲಿ ಪರದೆಯ ಮೇಲಿರುವ ಲಾಗಿನ್ ಪುಟ, ಅಂದರೆ ಜಿಡಿಎಂ, ತನ್ನದೇ ಖಾತೆಯಲ್ಲಿ ನಡೆಯುತ್ತದೆ ಮತ್ತು ಅದಕ್ಕೆ ತನ್ನದೇ ಪವರ್ ಸೆಟ್ಟಿಂಗ್ ಇರುತ್ತದೆ. ಅಲ್ಲಿರುವ ಮೂಲ ಅವಧಿ 1200 ಸೆಕೆಂಡ್, ಅಂದರೆ 20 ನಿಮಿಷ. ಮನೆಯ ಕಂಪ್ಯೂಟರಿಗೆ ಇದು ಒಳ್ಳೆಯ ಏರ್ಪಾಡೇ, ಸರ್ವರಿಗೆ ಅಲ್ಲ.

ಮಲೆನಾಡಿನ ನಮ್ಮ ಊರಿನಲ್ಲಿ ಮಳೆಗಾಲ ಬಂತೆಂದರೆ ಮರ ಬಿದ್ದು ತಂತಿ ಹರಿದು ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ, ಯುಪಿಎಸ್ ಅಷ್ಟು ಹೊತ್ತು ತಾಳುವುದಿಲ್ಲ. ಕರೆಂಟ್ ಮರಳಿದಾಗ ಯಂತ್ರ ತಾನಾಗಿ ಆನ್ ಆಗುವಂತೆ ತಾವೇ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಹೊಂದಿಸಿಕೊಟ್ಟಿದ್ದೀರಿ, ಕೋಹಾ ಕೂಡ ತಾನಾಗಿ ಶುರುವಾಗುತ್ತದೆ. ಹೀಗಾಗಿ ಯಾರೂ ಲಾಗಿನ್ ಆಗುವ ಅಗತ್ಯವೇ ಬೀಳುವುದಿಲ್ಲ. ಯಂತ್ರ ಲಾಗಿನ್ ಪುಟದಲ್ಲೇ ನಿಂತು, 20 ನಿಮಿಷ ಕಳೆದೊಡನೆ ಸಸ್ಪೆಂಡ್ ಆಗುತ್ತದೆ. ಕರೆಂಟ್ ಹೋಗದ ವಾರಗಳಲ್ಲಿ ತೊಂದರೆ ಕಾಣದಿರುವುದಕ್ಕೂ, ತಂತ್ರಜ್ಞರು ಲಾಗಿನ್ ಆಗಿ ಪರೀಕ್ಷಿಸಿದಾಗ ಎಲ್ಲವೂ ಸರಿಯಿರುವಂತೆ ತೋರುವುದಕ್ಕೂ ಕಾರಣ ಇದೇ. ಯಂತ್ರ ತಾನೇ ಬರೆದಿಡುವ ದಾಖಲೆಯಾದ ಸಿಸ್ಟಮ್ ಲಾಗ್‌ನಲ್ಲಿ ಸಸ್ಪೆಂಡ್ ಆದ ಮತ್ತು ಎಚ್ಚರಗೊಂಡ ವೇಳೆಗಳು ದಾಖಲಾಗಿವೆ. ಅವು ಕರೆಂಟ್ ಹೋದ ದಿನಗಳೊಂದಿಗೆ ತಾಳೆಯಾಗುತ್ತವೆ. ಪ್ರತಿಯನ್ನು ಲಗತ್ತಿಸಿದ್ದೇನೆ.

ಕೌಂಟರಿನ ತೊಂದರೆ ಕಣ್ಣಿಗೆ ಕಾಣುವಂಥದ್ದು. ನನಗೆ ಹೆಚ್ಚು ಆತಂಕ ಹುಟ್ಟಿಸಿರುವುದು ಕಾಣದೆ ನಡೆದಿರುವ ಲೋಪ. ರಾತ್ರಿ ನಡೆಯುವಂತೆ ತಾವು ನಿಗದಿಪಡಿಸಿದ ಬ್ಯಾಕಪ್, ಯಂತ್ರ ಸಸ್ಪೆಂಡ್ ಆಗಿದ್ದ ರಾತ್ರಿಗಳಲ್ಲಿ ನಡೆದೇ ಇಲ್ಲ. ಬ್ಯಾಕಪ್ ಫೋಲ್ಡರಿನಲ್ಲಿ ಆ ದಿನಾಂಕಗಳ ಕಡತಗಳಿಲ್ಲ. ಸಾವಿರಾರು ಪುಸ್ತಕಗಳ ಸೂಚಿಯನ್ನು, ಅದರಲ್ಲೂ ಹಳೆಯ ಕನ್ನಡ ಪುಸ್ತಕಗಳ ವಿವರಗಳನ್ನು, ನಮ್ಮ ಸಿಬ್ಬಂದಿ ಶೀರ್ಷಿಕೆ ಪುಟ ನೋಡಿ ಒಂದೊಂದಾಗಿ ಕನ್ನಡದಲ್ಲೇ ಟೈಪ್ ಮಾಡಿ ಸೇರಿಸಿದ್ದಾರೆ. ಡಿಸ್ಕ್ ಕೆಟ್ಟರೆ ಆ ದುಡಿಮೆಯನ್ನು ಮರಳಿಸಿಕೊಡುವ ಇನ್ನೊಂದು ಮೂಲ ನಮ್ಮಲ್ಲಿಲ್ಲ.

ಕಳೆದ ಭೇಟಿಯಲ್ಲಿ ತಂತ್ರಜ್ಞರು ಎರಡು ಸಲಹೆ ಕೊಟ್ಟರು. ಆಗಾಗ ಹೋಗಿ ಮೌಸ್ ಅಲುಗಾಡಿಸುವುದು ಮೊದಲನೆಯದು. ನಿರ್ವಹಣಾ ಶುಲ್ಕ ಪಡೆಯುವ ಸಂಸ್ಥೆಯಿಂದ ಬರಬಾರದ ಮಾತು ಇದು. ಪಾಸ್‌ವರ್ಡ್ ಇಲ್ಲದೆ ತಾನಾಗಿ ಲಾಗಿನ್ ಆಗುವಂತೆ ಮಾಡುವುದು ಎರಡನೆಯದು. ವಿದ್ಯಾರ್ಥಿಗಳ ವಿಳಾಸ, ದೂರವಾಣಿ ಸಂಖ್ಯೆಗಳಿರುವ ಯಂತ್ರವನ್ನು ಹಾಗೆ ತೆರೆದಿಡಲು ನಾನು ಒಪ್ಪಲಾರೆ. ಇಡೀ ಯಂತ್ರದ ಮೇಲೆ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ತಮ್ಮ ಬಳಿಯೇ ಇರುವುದರಿಂದ ನಾವೇ ಸರಿಪಡಿಸಿಕೊಳ್ಳುವ ದಾರಿಯೂ ಇಲ್ಲ.

ಆದಕಾರಣ, ಲಾಗಿನ್ ಪುಟದ ಸಂರಚನಾ ಕಡತದಲ್ಲಿ ಸಸ್ಪೆಂಡ್ ಆಯ್ಕೆಯನ್ನು ತೆಗೆದುಹಾಕುವುದರ ಜೊತೆಗೆ, ಲಿನಕ್ಸ್‌ನ ಸೇವೆಗಳನ್ನು ನಿಯಂತ್ರಿಸುವ ಸಿಸ್ಟಮ್‌ಡಿಯಲ್ಲಿ ಸ್ಲೀಪ್, ಸಸ್ಪೆಂಡ್, ಹೈಬರ್ನೇಟ್ ಮತ್ತು ಹೈಬ್ರಿಡ್ ಸ್ಲೀಪ್ ಎಂಬ ನಿದ್ರಾಸ್ಥಿತಿಗಳ ಟಾರ್ಗೆಟ್‌ಗಳನ್ನು ಮಾಸ್ಕ್ ಮಾಡಿ (ಶುರುವಾಗದಂತೆ ತಡೆದು), ಯಾವ ಖಾತೆಯಿಂದಲೂ ಯಂತ್ರ ಸಸ್ಪೆಂಡ್ ಆಗದಂತೆ ಮಾಡಿಕೊಡಬೇಕೆಂದು ಕೋರುತ್ತೇನೆ. ಮಾನಿಟರ್ ಆರಿದರೆ ನಮ್ಮ ಅಭ್ಯಂತರವಿಲ್ಲ, ವಿದ್ಯುತ್ ಉಳಿತಾಯಕ್ಕೆ ಅದು ಆರಲೇಬೇಕು. ತಂತ್ರಜ್ಞರು ಅದನ್ನೂ ಸದಾ ಉರಿಯುವಂತೆ ಮಾಡಿ ಹೋಗಿದ್ದಾರೆ, ಅದನ್ನು ಮೊದಲಿನಂತೆ ಮಾಡಿಕೊಡಿ. ಕೆಲಸ ಮುಗಿದ ಮೇಲೆ ಯಂತ್ರವನ್ನು ಮರುಚಾಲನೆ ಮಾಡಿ, ಯಾರೂ ಲಾಗಿನ್ ಆಗದೆ ಕನಿಷ್ಠ ಒಂದು ಗಂಟೆ ಬಿಟ್ಟು, ಕೌಂಟರಿನಿಂದ ಕೋಹಾ ತೆರೆಯುತ್ತದೆಯೆಂದು ನನ್ನ ಎದುರಿನಲ್ಲೇ ತೋರಿಸಬೇಕು. ಮರುದಿನ ಬೆಳಿಗ್ಗೆ ಬ್ಯಾಕಪ್ ಕಡತ ಇರುವುದನ್ನು ನೋಡಿದ ನಂತರವೇ ಸೇವಾ ವರದಿಗೆ ಸಹಿ ಹಾಕುತ್ತೇನೆ. ರೂಟ್ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪ್ರಾಂಶುಪಾಲರಿಗೆ ಒಪ್ಪಿಸಬೇಕು.

ಈ ಪತ್ರ ತಲುಪಿದ ಏಳು ದಿನಗಳೊಳಗೆ ಕೆಲಸ ಪೂರ್ಣಗೊಳ್ಳದಿದ್ದರೆ, ನಿರ್ವಹಣಾ ಶುಲ್ಕದ ಮುಂದಿನ ಕಂತನ್ನು ತಡೆಹಿಡಿಯುವಂತೆ ಪ್ರಾಂಶುಪಾಲರಿಗೆ ಶಿಫಾರಸು ಮಾಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಂಥಪಾಲಕರು

ಲಗತ್ತು: ಸೇವಾ ವರದಿಗಳ ನಕಲು, ಸಿಸ್ಟಮ್ ಲಾಗ್‌ನ ಮುದ್ರಿತ ಪ್ರತಿ, ಬ್ಯಾಕಪ್ ಫೋಲ್ಡರಿನ ಕಡತಗಳ ಪಟ್ಟಿ
ಪ್ರತಿ: ಪ್ರಾಂಶುಪಾಲರ ಅವಗಾಹನೆಗೆ