ಚಾರಣಕ್ಕೆ ಹೊರಡುವ ಮುಂಚೆ ಒಳಗಿನ ಬನಿಯನ್ ನೋಡಿಕೊಳ್ಳಿ

ಸಂಪಾದಕರಿಗೆ ನಮಸ್ಕಾರ.

ಚಳಿಗಾಲ ಬಂತೆಂದರೆ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬೆಟ್ಟ ಹತ್ತಲು ಹೊರಡುವವರು ಜಾಸ್ತಿ. ಕಾಲೇಜು ಮಕ್ಕಳು ಮುಳ್ಳಯ್ಯನಗಿರಿ, ಕುಮಾರಪರ್ವತ ಅಂತ ಹೋಗುತ್ತಾರೆ, ಸ್ವಲ್ಪ ದುಡ್ಡು ಕೂಡಿಸಿಟ್ಟವರು ಉತ್ತರಾಖಂಡದ ಕೇದಾರಕಂಠದವರೆಗೂ ಹೋಗಿ ಬರುತ್ತಾರೆ. ತುಂಬಾ ಖುಷಿಯ ವಿಷಯ. ಆದರೆ ಹೊರಡುವವರ ಕೈಗೆ ಕೊಡುವ ಸಾಮಾನಿನ ಪಟ್ಟಿ ನೋಡಿದರೆ ನನಗೆ ಆತಂಕ ಆಗುತ್ತದೆ. ಈಚೆಗೆ ನಮ್ಮ ಮನೆಯ ಹುಡುಗಿಗೆ ಬಂದ ಪಟ್ಟಿಯಲ್ಲಿ ನೀರಿನ ಬಾಟಲಿ ಎಷ್ಟು ಲೀಟರಿನದು, ಟಾರ್ಚಿಗೆ ಎಷ್ಟು ಸೆಲ್ ಅಂತೆಲ್ಲ ವಿವರವಾಗಿ ಬರೆದು, ಬಟ್ಟೆ ವಿಷಯಕ್ಕೆ ಬಂದಾಗ ಮಾತ್ರ 'ಬೆಚ್ಚನೆಯ ಉಡುಪು, ಥರ್ಮಲ್' ಎಂದು ಮುಗಿಸಿದ್ದರು. ಎಂಥ ಥರ್ಮಲ್? ಯಾವ ನೂಲಿನದು? ಅದೇ ತಾನೆ ಮುಖ್ಯ?

ಅಂಗಡಿಯಲ್ಲಿ ಥರ್ಮಲ್ ಅಂತ ಕೇಳಿದರೆ ಕೊಡುವ ಎಷ್ಟೋ ಜೋಡಿಗಳು ಹತ್ತಿಯವು, ಇಲ್ಲವೇ ಹತ್ತಿ ಬೆರೆತವು. ಮನೆಯಲ್ಲಿ ಕೂರಲು, ರಾತ್ರಿ ರೈಲಿನಲ್ಲಿ ಮಲಗಲು ಅವು ಚೆನ್ನಾಗಿಯೇ ಇರುತ್ತವೆ. ಬೆನ್ನ ಮೇಲೆ ಭಾರ ಹೊತ್ತು ಏರು ಹತ್ತುವವರಿಗೆ ಅವು ಆಗಿಬರುವುದಿಲ್ಲ.

ಯಾಕೆಂದರೆ ಬೆಟ್ಟ ಹತ್ತುವಾಗ ನಮ್ಮನ್ನು ಕಾಡುವುದು ಬರೀ ಚಳಿ ಅಲ್ಲ, ಬೆವರು. ಬೆಳಗಿನ ಜಾವ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆ ನಡೆದವರಿಗೆ ಇದು ಗೊತ್ತು. ಹೊರಡುವಾಗ ಸ್ವೆಟರ್, ಮಂಕಿ ಕ್ಯಾಪ್ ಎಲ್ಲ ಇರುತ್ತದೆ, ಅರ್ಧ ದಾರಿಗೆ ಸ್ವೆಟರ್ ಸೊಂಟಕ್ಕೆ ಬಂದಿರುತ್ತದೆ, ಬ್ಯಾಗಿನ ಅಡಿಯಲ್ಲಿ ಬೆನ್ನು ಪೂರ್ತಿ ತೊಯ್ದಿರುತ್ತದೆ. ನಡೆಯುತ್ತಿರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಮೇಲೆ ಹೋಗಿ ಬ್ಯಾಗ್ ಇಳಿಸಿ ನಿಂತಾಗ, ಆ ಗುಡ್ಡಗಳ ಗಾಳಿ ಒಂದು ಸಲ ಬೀಸಿದರೆ ಸಾಕು, ಒದ್ದೆ ಬನಿಯನ್ ಬೆನ್ನಿಗೆ ಅಂಟಿಕೊಂಡು ಹಲ್ಲು ಕಟಕಟ ಅನ್ನುತ್ತದೆ. ಮೇಲೆ ಎಂಥ ದಪ್ಪ ಜಾಕೆಟ್ ಹಾಕಿದರೂ ಒಳಗಿನ ಒದ್ದೆ ಒದ್ದೆಯೇ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹತ್ತಿ ಬೆವರನ್ನು ಹೀರಿಕೊಂಡು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಮಿಲ್ಲುಗಳಿಂದ ಹೆಸರಾದ ಊರಿನವಳು ನಾನು, ಹತ್ತಿಯನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಏಪ್ರಿಲ್ ಬಿಸಿಲಲ್ಲಿ ನಮ್ಮನ್ನು ತಂಪಾಗಿಡುವುದು ಅದರ ಇದೇ ಗುಣ. ಅದೇ ಗುಣ ಚಳಿಯ ಗಾಳಿಯಲ್ಲಿ ತಿರುಗಿ ಬೀಳುತ್ತದೆ, ಅಷ್ಟೇ.

ಹಾಗಾದರೆ ಏನು ಕೊಳ್ಳಬೇಕು? ದಾರಿ ಎರಡಿದೆ. ಒಂದು ಪಾಲಿಯೆಸ್ಟರ್. ಅದರ ಎಳೆ ನೀರನ್ನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ, ಬೆವರು ಬಟ್ಟೆಯ ಮೇಲೆ ಹರಡಿ ಬೇಗ ಆರುತ್ತದೆ. ಇದಕ್ಕೆ ದುಬಾರಿ ಸಾಮಾನೇ ಆಗಬೇಕೆಂದಿಲ್ಲ. ಕ್ರಿಕೆಟ್ ಆಡುವ ಹುಡುಗರ ಹತ್ತಿರ ಇರುವ ಜೆರ್ಸಿಯೇ ಸಾಕು, ಮೈಗೆ ಹತ್ತಿಕೊಂಡಂತೆ ಇರಬೇಕು ಅಷ್ಟೆ. ಜೋಲುವ ಬಟ್ಟೆ ಬೆವರನ್ನು ಎಳೆದುಕೊಳ್ಳುವುದಿಲ್ಲ. ತೊಂದರೆ ಎಂದರೆ ಎರಡನೇ ದಿನಕ್ಕೆ ವಾಸನೆ. ಮತ್ತೆ ರಾತ್ರಿ ಬೆಂಕಿ ಹಾಕಿಕೊಂಡು ಸುತ್ತ ಕೂತಾಗ ಒಂದು ಕಿಡಿ ಬಿದ್ದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಮಕ್ಕಳಿಗೆ ಇದನ್ನು ಹೇಳಿ ಕಳಿಸಲೇಬೇಕು.

ಎರಡನೆಯದು ಮೆರಿನೋ ಉಣ್ಣೆ, ಅಂದರೆ ಮೆರಿನೋ ಎಂಬ ತಳಿಯ ಕುರಿಯ ಉಣ್ಣೆ. ಉಣ್ಣೆ ಅಂದಕೂಡಲೇ ಚುಚ್ಚುತ್ತದೆ ಅಂತ ಮುಖ ಸಿಂಡರಿಸುತ್ತಾರೆ. ನಮ್ಮ ಚಳ್ಳಕೆರೆ ಕಂಬಳಿಯನ್ನು ಬರಿಮೈಗೆ ಹೊದ್ದರೆ ಚುಚ್ಚುವುದು ನಿಜ, ಆ ಕುರಿಯ ಉಣ್ಣೆಯ ಎಳೆ ದಪ್ಪ. ಮೆರಿನೋ ಎಳೆ ಬಲು ಸಣ್ಣ, ಒಳಬಟ್ಟೆಗೆ ಬಳಸುವುದು ಸಾಮಾನ್ಯವಾಗಿ 17ರಿಂದ 19 ಮೈಕ್ರಾನ್ ದಪ್ಪದ್ದು (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಮೈಗೆ ಮೆತ್ತಗಿರುತ್ತದೆ. ಆದರೆ ಉಣ್ಣೆಯ ಮೂಲ ಗುಣ ಎರಡರಲ್ಲೂ ಒಂದೇ. ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಕೊಂಚ ನೆನೆದರೂ ಬೆಚ್ಚಗಿರುತ್ತದೆ. ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಹಿಂದೆ ದಿನವಿಡೀ ನಿಲ್ಲುವ ನಮ್ಮ ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೆರಿನೋ ನಾಲ್ಕು ದಿನ ಹಾಕಿದರೂ ಅಷ್ಟಾಗಿ ನಾರುವುದಿಲ್ಲ. ಬೆಲೆ ಜಾಸ್ತಿ, ಬೇಗ ತೂತು ಬೀಳುತ್ತದೆ, ತಣ್ಣೀರಲ್ಲಿ ಹಿಂಡದೆ ಒಗೆಯಬೇಕು. ಒಂದು ದಿನದ ನಡಿಗೆಗೆ ಇಷ್ಟು ಖರ್ಚು ಬೇಡ ಅಂತಲೇ ನನ್ನ ಅಭಿಪ್ರಾಯ. ವಾರಗಟ್ಟಲೆ ಹಿಮಾಲಯಕ್ಕೆ ಹೋಗುವವರು ಒಂದಾದರೂ ಇಟ್ಟುಕೊಳ್ಳಲಿ.

ದಪ್ಪದ್ದೇ ಬೆಚ್ಚಗೆ ಅನ್ನುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,900 ಮೀಟರಿಗೂ ಮೇಲೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಅಂತ ಹಿಡಿದರೂ ಇಲ್ಲಿಗಿಂತ ಎಂಟು ಡಿಗ್ರಿ ತಣ್ಣಗೆ, ಮೇಲೆ ಗಾಳಿ ಬೇರೆ. ಅಷ್ಟಕ್ಕೆ ತೆಳುವಾದ, 150 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಆಸುಪಾಸಿನ ಒಳಬಟ್ಟೆ ಸಾಕು. 200, 250ರ ದಪ್ಪದ್ದು ಹಿಮದಲ್ಲಿ ಟೆಂಟ್ ಹಾಕಿ ಮಲಗುವವರಿಗೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಸರಿಯಾಗಿದೆ ಅಂತ ತಿಳಿಯಿರಿ, ಹತ್ತು ನಿಮಿಷ ಏರಿದರೆ ಮೈ ಬಿಸಿಯಾಗುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲಿನ ಹಿಮದ ಚಿತ್ರ ನೋಡಬೇಡಿ, ಒಳಗೆ ಹೊಲಿದಿರುವ ಸಣ್ಣ ಲೇಬಲ್ ತಿರುಗಿಸಿ ಯಾವ ನೂಲು ಎಷ್ಟು ಶೇಕಡಾ ಅಂತ ಓದಿ. ಹೆಗಲ ಮೇಲೆ ಬೆರಳಾಡಿಸಿ. ಅಲ್ಲಿ ದಪ್ಪ ಹೊಲಿಗೆ ಇದ್ದರೆ ಬ್ಯಾಗಿನ ಪಟ್ಟಿ ಒತ್ತಿ ಸಂಜೆಗೆ ಚರ್ಮ ಕಿತ್ತುಬಂದಿರುತ್ತದೆ. ನಂಬಿಕೆ ಬರದಿದ್ದರೆ ಮನೆಯಲ್ಲೇ ಒಂದು ಹತ್ತಿ ಬನಿಯನ್, ಒಂದು ಜೆರ್ಸಿ ಒಟ್ಟಿಗೆ ನೆನೆಸಿ, ಹಿಂಡಿ, ನೆರಳಲ್ಲಿ ಒಣಹಾಕಿ, ಆಗಾಗ ಮುಟ್ಟಿ ನೋಡಿ. ಜೆರ್ಸಿ ಆರಿದ ಮೇಲೂ ಬನಿಯನ್ ತಣ್ಣಗೆ ಕೈಗೆ ಹತ್ತುತ್ತದೆ.

ಜೀನ್ಸ್ ಕೂಡ ಹತ್ತಿಯೇ ಅಲ್ವಾ? ಮಂಜಿನಲ್ಲಿ ನೆಂದ ಜೀನ್ಸ್ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಸಾಕ್ಸ್ ಕೂಡ ನೋಡಿಕೊಳ್ಳಿ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ: ಮೇಲಿನದ್ದೆಲ್ಲ ಸರಿಯಾಗಿದ್ದು ಒಳಗೆ ಹತ್ತಿಯ ಬ್ರಾ ಹಾಕಿಕೊಂಡಿದ್ದರೆ ಎದೆ ಹತ್ತಿರವೇ ಒದ್ದೆ ನಿಂತಿರುತ್ತದೆ. ಅಲ್ಲಿಗೂ ಆಟದ ಬಟ್ಟೆಯೇ ಇರಲಿ.

ಇದೆಲ್ಲ ಸುಮ್ನೆ ಸುಖದ ಮಾತಲ್ಲ. ಮೈಯ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಹೋದರೆ ಪ್ರಾಣಕ್ಕೇ ಅಪಾಯ, ಅದಕ್ಕೆ ಹಿಮ ಬೀಳಬೇಕೆಂದಿಲ್ಲ. ಹತ್ತು ಡಿಗ್ರಿ ಚಳಿ, ಗಾಳಿ, ಒದ್ದೆ ಬಟ್ಟೆ ಮೂರೂ ಸೇರಿದರೆ ನಮ್ಮ ಮಲೆನಾಡಲ್ಲೂ ಆಗಬಹುದು. ಜೊತೆಯವರು ನಡುಗುತ್ತಾ ಮಾತು ತೊದಲುತ್ತಿದ್ದರೆ ಗಾಳಿ ತಾಗದ ಕಡೆ ಕೂರಿಸಿ, ಮೊದಲು ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ಆಮೇಲೆ ಜಾಕೆಟ್. ಅದಕ್ಕೇ ಒಂದು ಜೊತೆ ಒಣಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಪ್ರತಿಯೊಬ್ಬರ ಬ್ಯಾಗಿನಲ್ಲೂ ಇರಬೇಕು.

ಚಾರಣಕ್ಕೆ ಕರೆದೊಯ್ಯುವ ಕಾಲೇಜು, ಸಂಘಗಳವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಪಟ್ಟಿಯಲ್ಲಿ 'ಥರ್ಮಲ್' ಅನ್ನುವ ಕಡೆ 'ಹತ್ತಿಯದಲ್ಲದ ಒಳಬಟ್ಟೆ, ಎರಡು ಜೊತೆ' ಅಂತ ಬರೆಯಿರಿ. ಸಂಪಾದಕರೇ, ನಿಮ್ಮ ಪುರವಣಿಯಲ್ಲೂ ಈ ಬಗ್ಗೆ ಒಂದು ಲೇಖನ ಬರಲಿ, ಸಾಧ್ಯವಾದರೆ ಡಿಸೆಂಬರ್ ರಜೆಗೆ ಮಕ್ಕಳು ಬಟ್ಟೆ ಕೊಳ್ಳಲು ಹೋಗುವ ಮುಂಚೆ.

– ಓದುಗರು, ದಾವಣಗೆರೆ