ಶಾಲೆಗೆ ಬಂದ ಕಾಗದವನ್ನು ವಾಪಸ್ ಕಳಿಸಬೇಡಿ: ಕರ್ನಾಟಕದ ಮುಖ್ಯ ಪೋಸ್ಟ್‌ಮಾಸ್ಟರ್ ಜನರಲ್ ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ತೆಂಗು-ರಾಗಿ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಶಿಕ್ಷಕಿ. ತಮ್ಮಿಂದ ಕೇಳುತ್ತಿರುವುದು ಒಂದೇ ಒಂದು ಸುತ್ತೋಲೆ. ನಮ್ಮ ಮಕ್ಕಳು ಹೊರದೇಶದ ಶಾಲೆಯ ಮಕ್ಕಳಿಗೆ ಬರೆದ ಕಾಗದಗಳನ್ನು ಹೆಡ್‌ಮಾಸ್ಟರ್ ಸಹಿ, ಸೀಲು ಇದ್ದರೆ ಕೌಂಟರಿನಲ್ಲಿ ತಕರಾರಿಲ್ಲದೆ ತಗೊಳ್ಳಬೇಕು. ಆ ಮಕ್ಕಳಿಂದ ನಮಗೆ ಬಂದ ಕಾಗದಗಳನ್ನು ಶಾಲೆಗೆ ರಜೆ ಇದ್ದರೆ ತೆರೆಯುವವರೆಗೆ ಇಟ್ಟುಕೊಳ್ಳಬೇಕು, ವಾಪಸ್ ಕಳಿಸಬಾರದು. ಇಷ್ಟೇ.

ನಿಯಮ ತಮಗೆ ಗೊತ್ತೇ ಇರುತ್ತದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆಯ ಕೌಂಟರಿಗೆ ಅದು ಇನ್ನೂ ತಲುಪಿಲ್ಲ. ಶಾಲಾ ಮಕ್ಕಳು ಪರಸ್ಪರ ಬರೆಯುವ ಕಾಗದ, ಕಾರ್ಡುಗಳು ಆಯಾ ಶಾಲೆಯ ಮುಖ್ಯಸ್ಥರ ಮೂಲಕ ಹೋಗುವುದಾದರೆ ಅವನ್ನು ಪತ್ರಕ್ಕಿಂತ ಕಮ್ಮಿ ದರದ ಮುದ್ರಿತ ಕಾಗದಗಳ ಗುಂಪಿಗೆ ಸೇರಿಸಿ ನೋಡಬೇಕು ಅಂತ ವಿಶ್ವ ಅಂಚೆ ಒಕ್ಕೂಟದ ನಿಯಮಾವಳಿಯಲ್ಲಿ ಬಹಳ ಕಾಲದಿಂದ ಒಂದು ಸಾಲಿದೆ. ಆ ಒಕ್ಕೂಟ ಬರ್ನ್ ನಗರದಲ್ಲಿ ಶುರುವಾದದ್ದು 1874ರಲ್ಲಿ. ಭಾರತ 1876ರಲ್ಲೇ ಅದರೊಳಗೆ ಇತ್ತು. ಮಕ್ಕಳ ಕಾಗದಕ್ಕೆ ಒಂದು ಸಾಲು ಮೀಸಲಿಡಬೇಕು ಅಂತ ಯಾರಿಗೋ ಹಿಂದೆ ತೋಚಿತ್ತಲ್ಲ, ಅವರು ಖಂಡಿತ ಮೇಷ್ಟರೊಬ್ಬರ ಕಷ್ಟ ಕಂಡವರು.

ನಮ್ಮ ಕೌಂಟರಿನಲ್ಲಿ ಆ ಸಾಲು ಹೇಳಿದರೆ ಬರುವ ಉತ್ತರ ಒಂದೇ: "ಮೇಡಂ, ಕಂಪ್ಯೂಟರಲ್ಲಿ ಅಂಥದ್ದೇನೂ ಬರಲ್ಲ." ಹಾಗಾಗಿ ಕಂತೆಯನ್ನು ಪೂರ್ತಿ ಪತ್ರದ ದರಕ್ಕೆ ತೂಗುತ್ತಾರೆ. ಇಲ್ಲವೇ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟ್ ಮಾಡಿ ಅನ್ನುತ್ತಾರೆ. ಒಂದು ತರಗತಿಯ ಮಕ್ಕಳು ಎರಡೆರಡು ಹಾಳೆ ಬರೆದರೆ ಬ್ರೌನ್ ಕವರ್ ಎಷ್ಟು ತೂಗುತ್ತದೆ ಅಂತ ತಮಗೆ ಹೇಳಬೇಕಾಗಿಲ್ಲ. ಆ ದುಡ್ಡು ಶಾಲೆಯ ಯಾವ ಅನುದಾನದಲ್ಲೂ ಇಲ್ಲ. ನನ್ನ ಸಂಬಳದಿಂದ ಹೋಗುತ್ತದೆ. ಹೋಗಲಿ, ಅದಕ್ಕೆ ನನಗೆ ಬೇಜಾರಿಲ್ಲ. ಬೇಜಾರು ಇರುವುದು ಪ್ರತಿಸಲವೂ ಅಪರಾಧಿಯ ಹಾಗೆ ನಿಲ್ಲಬೇಕಾಗಿರುವುದಕ್ಕೆ. ಒಳಗೆ ಏನಿದೆ? ಯಾಕೆ ಕಳಿಸುತ್ತೀರಿ? ಯಾರ ಪರ್ಮಿಷನ್ ಇದೆ? ಒಮ್ಮೆಯಂತೂ ಕಸ್ಟಮ್ಸ್ ಫಾರ್ಮ್ ಕೊಟ್ಟು, ಒಳಗಿರುವುದರ ಬೆಲೆ ಎಷ್ಟು ಅಂತ ಬರೆಯಿರಿ ಅಂದರು. ಎಂಟನೇ ಕ್ಲಾಸಿನ ಮಕ್ಕಳು ಕೈಯಾರೆ ಬರೆದ ಕಾಗದಕ್ಕೆ ನಾನು ಯಾವ ಬೆಲೆ ಬರೆಯಲಿ? ಸಿ.ಎನ್. 22 ಅನ್ನುವ ಆ ಕಸ್ಟಮ್ಸ್ ಫಾರ್ಮ್ ಇರುವುದು ಸರಕಿಗೆ. ಬರೀ ಕಾಗದಕ್ಕೆ ಬೇಕಿಲ್ಲ. ಇದು ತಮಗೆ ಗೊತ್ತು, ನನಗೂ ಗೊತ್ತು. ಕೌಂಟರಿನಲ್ಲಿ ಕೂತವರಿಗೆ ಯಾರೂ ಹೇಳಿಲ್ಲ. ಅವರನ್ನು ಬೈದು ಏನು ಮಾಡಲಿ, ಹಳ್ಳಿ ಪೋಸ್ಟ್ ಆಫೀಸಿಗೆ ಇಂಥ ಕವರ್ ಬರುವುದೇ ಅಪರೂಪ.

ಕವರಿನಲ್ಲಿ ಏನು ಹಾಕಬಾರದು ಅಂತ ನಾವು ಮೊದಲೇ ಪಾಠ ಮಾಡಿರುತ್ತೇವೆ. ನವಿಲುಗರಿ ಹಾಕಬೇಡಿ, ಅದನ್ನು ದೇಶದಿಂದ ಆಚೆ ಕಳಿಸುವುದಕ್ಕೆ ನಿಷೇಧ ಇದೆ. ರಾಗಿ ಕಾಳು, ಹುಣಸೆ ಬೀಜ ಬೇಡ. ನಾಣ್ಯ ಬೇಡ. ಪ್ರತಿ ವರ್ಷ ಯಾರಾದರೂ ಒಬ್ಬರು ಒಂದು ರೂಪಾಯಿ ಅಂಟಿಸಿಯೇ ಇರುತ್ತಾರೆ, ಬಿಡಿಸಿ ಕೊಡುತ್ತೇನೆ. ಹೋಗುವುದು ಕಾಗದ ಮತ್ತು ಚಿತ್ರ ಮಾತ್ರ.

ಈ ಕಾಗದಗಳು ನಮ್ಮ ಮಕ್ಕಳಿಗೆ ಏನು ಅಂತಲೂ ಹೇಳಬೇಕು. ನಮ್ಮೂರಿನ ಒಂದು ಕುಟುಂಬ ಜಪಾನಿನಲ್ಲಿದೆ. ಅವರ ಮಗಳು ಅಲ್ಲಿನ ಸರ್ಕಾರಿ ಶಾಲೆಗೆ ಹೋಗುತ್ತಾಳೆ. ಆ ಶಾಲೆಯ ಟೀಚರ್ ಮತ್ತು ನಾನು ಮಾತಾಡಿಕೊಂಡು ಶುರು ಮಾಡಿದ್ದು ಇದು. ಆಮೇಲೆ ಅಮೆರಿಕದ ಒಂದು ಶಾಲೆಯೂ ಸೇರಿತು. ಅಮೆರಿಕದ ಮಕ್ಕಳಿಗೆ ಬರೆಯುವಾಗ ನಮ್ಮವರಿಗೆ ಭಯ. ಸ್ಪೆಲಿಂಗ್ ತಪ್ಪಾದರೆ ನಗುತ್ತಾರೇನೋ ಅಂತ. ಜಪಾನಿನ ಮಕ್ಕಳಿಗೆ ಬರೆಯುವಾಗ ಆ ಭಯ ಇಲ್ಲ. ಅವರಿಗೂ ಇಂಗ್ಲಿಷ್ ಕಲಿಯುವ ಭಾಷೆಯೇ. ಅಲ್ಲಿ ಐದು, ಆರನೇ ತರಗತಿಗೆ ಇಂಗ್ಲಿಷ್ ಪೂರ್ಣ ವಿಷಯವಾಗಿ ಬಂದದ್ದೇ 2020ರಲ್ಲಿ. ಇಬ್ಬರೂ ತಪ್ಪು ಮಾಡುತ್ತಾರೆ, ಇಬ್ಬರಿಗೂ ಅರ್ಥವಾಗುತ್ತದೆ.

ನಮ್ಮ ಹುಡುಗಿಯೊಬ್ಬಳು ರಾಗಿ ಮುದ್ದೆಯ ಬಗ್ಗೆ ಬರೆದಳು. ಚೆಂಡಿನ ಹಾಗೆ ಇರುತ್ತೆ, ಅಗಿಯೋದಿಲ್ಲ, ನುಂಗುತ್ತೇವೆ, ನೀನು ಬಂದರೆ ನಮ್ಮಜ್ಜಿ ಕಲಿಸ್ತಾಳೆ ಅಂತ. ಪಕ್ಕದಲ್ಲಿ ಬಸ್ಸಾರಿನ ತಟ್ಟೆಯ ಚಿತ್ರ. ಎರಡು ತಿಂಗಳಾದ ಮೇಲೆ ಉತ್ತರ ಬಂತು. ಗಂಟಲು ಸುಡೋದಿಲ್ವಾ ಅಂತ ಕೇಳಿದ್ದಳು ಜಪಾನಿನ ಹುಡುಗಿ. ತಮ್ಮ ಶಾಲೆಯಲ್ಲಿ ಮಕ್ಕಳೇ ಬಿಳಿ ಟೋಪಿ, ಏಪ್ರನ್ ಹಾಕಿಕೊಂಡು ಊಟ ಬಡಿಸುತ್ತಾರೆ, ತರಗತಿಯನ್ನೂ ತಾವೇ ಗುಡಿಸಿ ಒರೆಸುತ್ತಾರೆ, ಹುಡುಗರು ಹುಡುಗಿಯರು ಎಲ್ಲರೂ, ಅಂತ ಬರೆದಿದ್ದಳು. ಅವತ್ತು ನಮ್ಮ ತರಗತಿಯಲ್ಲಿ ದೊಡ್ಡ ಜಗಳ. ಇಲ್ಲಿ ಕಸ ಗುಡಿಸುವುದು ಯಾಕೆ ಬರೀ ಹುಡುಗಿಯರು ಅಂತ ಹುಡುಗಿಯರೇ ಎದ್ದು ಕೇಳಿದರು. ಆ ವಾರದಿಂದ ಹುಡುಗರೂ ಪೊರಕೆ ಹಿಡಿದರು. ನಾನು ವರ್ಷಗಟ್ಟಲೆ ಹೇಳಿ ಆಗದ್ದು ಒಂದು ಹಾಳೆಯಿಂದ ಆಯಿತು.

ನಾನು ಹೈಸ್ಕೂಲಿನಲ್ಲಿದ್ದಾಗ ಫಿನ್ಲೆಂಡಿನ ತುರ್ಕು ನಗರದ ಐ.ವೈ.ಎಸ್. ಸಂಸ್ಥೆಯ ಫಾರ್ಮ್ ತುಂಬಿ ಪೆನ್ ಫ್ರೆಂಡ್ ಪಡೆದವಳು. 1952ರಿಂದ ದೇಶ ದೇಶದ ಮಕ್ಕಳನ್ನು ಜೋಡಿಸಿದ ಆ ಸಂಸ್ಥೆ 2008ರಲ್ಲಿ ಮುಚ್ಚಿತು. ಈಗ ಆ ಕೆಲಸ ನಮ್ಮಂಥ ಮೇಷ್ಟ್ರು, ಟೀಚರುಗಳ ತಲೆ ಮೇಲೆ ಬಿದ್ದಿದೆ. ಇಮೇಲ್ ಮಾಡಿ ಅನ್ನುವವರಿಗೆ ಒಂದು ಮಾತು: ನಮ್ಮ ಮಕ್ಕಳ ಹತ್ತಿರ ಸ್ವಂತ ಫೋನಿಲ್ಲ, ಮನೆಯಲ್ಲಿರುವ ಒಂದು ಫೋನು ಅಪ್ಪನ ಜೇಬಿನಲ್ಲಿರುತ್ತದೆ. ಪೆನ್ನು, ಹಾಳೆ ಎಲ್ಲರ ಹತ್ತಿರ ಇದೆ.

ಈಗ ನನ್ನ ಕೈಯಲ್ಲಿ ಈ ಪತ್ರ ಬರೆಸಿದ ಸಂಗತಿಗೆ ಬರುತ್ತೇನೆ.

ಜಪಾನಿನಲ್ಲಿ ಶಾಲಾ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಹೊಸ ತರಗತಿ, ಹೊಸ ಮಕ್ಕಳು, ಮೊದಲ ಕಾಗದ ಬರೆಯುವುದು ಆಗಲೇ. ನಮ್ಮಲ್ಲಿ ಬೇಸಿಗೆ ರಜೆಯೂ ಆಗಲೇ. 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಶಾಲೆಗೆ ಬೀಗ. ಇದು ಗೊತ್ತಿದ್ದೇ ರಜೆಗೆ ಮೊದಲು ಹೆಡ್‌ಮಾಸ್ಟರ್ ಸಹಿ ಹಾಕಿಸಿ ನಮ್ಮ ಅಂಚೆ ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಶಾಲೆಯ ವಿಳಾಸಕ್ಕೆ ಹೊರದೇಶದ ಟಪಾಲು ಬಂದರೆ ದಯವಿಟ್ಟು ಇಟ್ಟುಕೊಳ್ಳಿ, ಫೋನ್ ಮಾಡಿದರೆ ನಾನೇ ಬಂದು ತಗೊಳ್ಳುತ್ತೇನೆ ಅಂತ. ನಂಬರ್ ಕೂಡ ಬರೆದಿದ್ದೆ. ನನ್ನ ಮನೆ ಅಲ್ಲಿಂದ ದೂರವೇನಿಲ್ಲ.

ಫೋನ್ ಬರಲಿಲ್ಲ. ಶಾಲೆ ತೆರೆದ ಮೇಲೆ ಹೋಗಿ ಕೇಳಿದೆ. ಏನೂ ಬಂದಿಲ್ಲ ಮೇಡಂ ಅಂದರು. ಜುಲೈನಲ್ಲಿ ಜಪಾನಿನ ಟೀಚರ್ ಇಮೇಲ್ ಬಂತು, ಜೊತೆಗೊಂದು ಫೋಟೊ. ಅವರು ಕಳಿಸಿದ್ದ ರಿಜಿಸ್ಟರ್ಡ್ ಕವರ್ ಅವರ ಶಾಲೆಗೇ ವಾಪಸ್ ಬಂದಿತ್ತು. ನಮ್ಮ ಶಾಲೆಯ ಹೆಸರು, ಊರು, ತಾಲ್ಲೂಕು, ಪಿನ್ ಕೋಡ್ ಎಲ್ಲ ಅಚ್ಚುಕಟ್ಟಾಗಿ ಬರೆದಿತ್ತು. ಅದರ ಮೇಲೆ ವಾಪಸಾತಿ ಚೀಟಿ. ಯಾಕೆ ವಾಪಸ್ ಅಂತ ಗುರುತು ಹಾಕುವ ಚೌಕಗಳಿರುತ್ತವಲ್ಲ, ಅದರಲ್ಲಿ "ನಿರಾಕರಿಸಿದ್ದಾರೆ" ಅನ್ನುವುದಕ್ಕೆ ಟಿಕ್ ಮಾಡಲಾಗಿತ್ತು.

ನಿರಾಕರಿಸಿದ್ದು ಯಾರು, ಮಾನ್ಯರೇ? ಬೀಗ ಹಾಕಿದ ಬಾಗಿಲೇ?

ಯಾರೂ ತಗೊಂಡಿಲ್ಲ ಅನ್ನುವುದಕ್ಕೆ ಅದೇ ಚೀಟಿಯಲ್ಲಿ ಬೇರೆ ಚೌಕ ಇದೆ. ಅದಕ್ಕೆ ಟಿಕ್ ಹಾಕಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ರಿಜಿಸ್ಟರ್ಡ್ ಟಪಾಲನ್ನು ಏಳು ದಿನ ಇಟ್ಟು ವಾಪಸ್ ಕಳಿಸುವುದು ರೂಢಿ ಅಂತ ಗೊತ್ತು. ಅದಕ್ಕೇ ಅಲ್ವಾ ಅರ್ಜಿ ಕೊಟ್ಟದ್ದು? ಆ ಟೀಚರ್ ಬಹಳ ಮರ್ಯಾದೆಯಿಂದ ಕೇಳಿದ್ದರು, ನಮ್ಮ ಮಕ್ಕಳು ಏನಾದರೂ ತಪ್ಪು ಬರೆದಿದ್ದರೇ, ನಿಮಗೆ ಬೇಸರವಾಯಿತೇ ಅಂತ. ಕವರಿನೊಳಗೆ ನಮ್ಮ ಪ್ರತಿ ಮಗುವಿನ ಹೆಸರಿಗೆ ಒಂದೊಂದು ಕಾಗದದ ಕೊಕ್ಕರೆ ಮಡಚಿ ಇಟ್ಟಿದ್ದರಂತೆ. ರೆಕ್ಕೆಯ ಮೇಲೆ ಕನ್ನಡದಲ್ಲಿ ಹೆಸರು. ನಮ್ಮೂರಿನ ಆ ಹುಡುಗಿ ಅಕ್ಷರ ಬರೆದು ತೋರಿಸಿ, ಅವಳ ತರಗತಿಯವರೆಲ್ಲ ನೋಡಿ ನೋಡಿ ಬರೆದದ್ದು. ಆ ಮಗುವಿನ ಸ್ಥಿತಿ ಯೋಚಿಸಿ. ತನ್ನ ಊರಿನ ಶಾಲೆ ಬೇಡ ಅಂದಿತು ಅಂತ ಅವಳ ಗೆಳತಿಯರ ಮುಂದೆ ಗೊತ್ತಾಯಿತು.

ನಾನು ಉತ್ತರ ಬರೆದು, ನಡೆದದ್ದು ಹೇಳಿ, ಕ್ಷಮೆ ಕೇಳಿದೆ. ನಮ್ಮ ತಪ್ಪಲ್ಲದ್ದಕ್ಕೆ. ಅಂಚೆ ಕಚೇರಿಯಲ್ಲಿ ನನ್ನ ಅರ್ಜಿ ತೋರಿಸಿ ಅಂದೆ. ಹುಡುಕಿ ಹೇಳ್ತೀವಿ ಅಂದರು. ದೂರು ಕೊಟ್ಟೆ. ದೂರನ್ನು ಮುಕ್ತಾಯ ಮಾಡಲಾಗಿದೆ ಅಂತ ಮೆಸೇಜ್ ಬಂತು. ಏನು ವಿಚಾರಿಸಿದರು, ಏನು ಸಿಕ್ಕಿತು, ಒಂದು ಸಾಲೂ ಇಲ್ಲ. ಮುಕ್ತಾಯ, ಅಷ್ಟೇ.

ಅಮೆರಿಕದ ಕಥೆ ಬೇರೆ, ಅದಕ್ಕೆ ತಮ್ಮನ್ನು ದೂರುವುದಿಲ್ಲ. ಅಲ್ಲಿನ ಸರ್ಕಾರ 800 ಡಾಲರ್‌ವರೆಗಿನ ಸರಕಿಗೆ ಇದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಸಾಗಿಸುವವರು ಕೈ ಚೆಲ್ಲಿದರು. ಮೊದಲು ಪಾರ್ಸೆಲ್ ನಿಂತಿತು, ಆಗಸ್ಟ್ ಕೊನೆಗೆ ಕಾಗದಪತ್ರವೂ ನಿಂತಿತು. ಸುಂಕ ಸರಕಿನ ಮೇಲೆ, ಏಟು ಬಿದ್ದದ್ದು ಮಕ್ಕಳ ಕಾಗದಕ್ಕೂ. ಅಮೆರಿಕದಲ್ಲಿ ಶಾಲೆ ತೆರೆಯುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ನಮಗೆ ದಸರಾ ರಜೆಗೆ ಮೊದಲು ಸಿಗುವ ಸಮಯ ಅದೊಂದೇ. ಅಕ್ಟೋಬರ್ 15ಕ್ಕೆ ಸೇವೆ ಮತ್ತೆ ಶುರುವಾಯಿತು ಅಂತ ಪೇಪರಿನಲ್ಲಿ ಓದಿದಾಗ ನಾವು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗುತ್ತಿದ್ದೆವು, ಅದಕ್ಕಾಗಿ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಿದ್ದರು. ಆಮೇಲೆ ದೀಪಾವಳಿ. ಮಕ್ಕಳು ಸೆಪ್ಟೆಂಬರ್‌ನಲ್ಲಿ ಬರೆದ ಕಾಗದ ನವೆಂಬರ್‌ನಲ್ಲಿ ಹೊರಟಿತು. ಮಕ್ಕಳು ಓದುವ ಕ್ಯಾಲೆಂಡರೇ ಬೇರೆ ಬೇರೆ. ಎರಡೂ ಕಡೆ ಬಾಗಿಲು ತೆರೆದಿರುವ ದಿನಗಳು ಬಹಳ ಕಮ್ಮಿ. ಅದಕ್ಕೇ ಇರುವ ಅಷ್ಟು ದಿನವನ್ನಾದರೂ ತಕರಾರಿನಲ್ಲಿ ಕಳೆಯಬೇಡಿ ಅಂತ ಕೇಳುತ್ತಿರುವುದು.

ಇಲಾಖೆಗೆ ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂತ ನಾನು ಹೇಳಲಾರೆ. 'ಢಾಯಿ ಆಖರ್' ಪತ್ರ ಬರೆಯುವ ಸ್ಪರ್ಧೆ ನಡೆಸುತ್ತೀರಿ, ರಾಷ್ಟ್ರ ಮಟ್ಟದ ಮೊದಲ ಬಹುಮಾನ 50,000 ರೂಪಾಯಿ. ವಿಶ್ವ ಅಂಚೆ ಒಕ್ಕೂಟ 1971ರಿಂದ ನಡೆಸುವ ಅಂತರರಾಷ್ಟ್ರೀಯ ಸ್ಪರ್ಧೆಗೆ 9ರಿಂದ 15 ವರ್ಷದ ಮಕ್ಕಳನ್ನು ಕರೆಯುತ್ತೀರಿ. ಅಂಚೆಚೀಟಿ ಸಂಗ್ರಹದ ಆಸಕ್ತಿ ಇರುವವರಿಗೆ ಸ್ಪರ್ಶ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಇದೆ. ನಮ್ಮ ಮಕ್ಕಳೂ ಬರೆದಿದ್ದಾರೆ. ಆದರೆ ಸ್ಪರ್ಧೆಯ ಪತ್ರಕ್ಕೆ ಉತ್ತರ ಬರೆಯುವವರು ಯಾರೂ ಇಲ್ಲ. ನಿಜವಾದ ಒಂದು ಮಗುವಿಗೆ ನಿಜವಾದ ಇನ್ನೊಂದು ಮಗು ಬರೆದ ಕಾಗದ ತಮ್ಮ ಕೈಗೆ ಬಂದಾಗ ಅದನ್ನು ತಲುಪಿಸಿ. ಬಹುಮಾನಕ್ಕಿಂತ ನಮಗೆ ಅದು ಜಾಸ್ತಿ ಬೇಕು.

ಡೆನ್ಮಾರ್ಕಿನಲ್ಲಿ ನಾನೂರು ವರ್ಷ ಹಳೆಯ ಸರ್ಕಾರಿ ಅಂಚೆ 2025ರ ಡಿಸೆಂಬರ್ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಓದಿದಾಗ ಎದೆ ಧಸಕ್ಕೆಂದಿತು. ನಮ್ಮಲ್ಲಿ ಇನ್ನೂ ಒಂದೂವರೆ ಲಕ್ಷಕ್ಕೂ ಜಾಸ್ತಿ ಅಂಚೆ ಕಚೇರಿಗಳಿವೆ, ನಮ್ಮಂಥ ಊರಿಗೂ ಪೋಸ್ಟ್‌ಮ್ಯಾನ್ ಬರುತ್ತಾರೆ. ಆ ಭಾಗ್ಯ ಇರುವಾಗ ಕೇಳದೆ ಇನ್ಯಾವಾಗ ಕೇಳಲಿ?

ಕಂಪ್ಯೂಟರಲ್ಲಿ ಬರಲ್ಲ ಅನ್ನುವ ಮಾತಿಗೂ ಉತ್ತರ ತಮ್ಮ ಕರ್ನಾಟಕ ಅಂಚೆ ವೃತ್ತದಲ್ಲೇ ಇದೆ. 2025ರ ಆಗಸ್ಟ್‌ನಲ್ಲಿ ದೇಶದ ಅಂಚೆ ಕಚೇರಿಗಳಿಗೆಲ್ಲ ಬಂದ ಹೊಸ ತಂತ್ರಾಂಶವನ್ನು ಮೈಸೂರಿನ ಅಂಚೆ ತಂತ್ರಜ್ಞಾನ ಕೇಂದ್ರದವರೇ ಬರೆದದ್ದು. ಮೊದಲು ಪರೀಕ್ಷೆ ಮಾಡಿದ್ದೂ ಕರ್ನಾಟಕದಲ್ಲೇ. ಇಡೀ ದೇಶಕ್ಕೆ ತಂತ್ರಾಂಶ ಮಾಡಿದವರಿಗೆ 'ಶಾಲಾ ಮಕ್ಕಳ ಪತ್ರ' ಅಂತ ಒಂದು ಆಯ್ಕೆ ಸೇರಿಸುವುದು ದೊಡ್ಡ ಕೆಲಸವೇ? ದರದ ತೀರ್ಮಾನ ದೆಹಲಿಯದು ಅಂದರೆ ದೆಹಲಿಗೆ ಬರೆಯಿರಿ. ಆದರೆ ರಜೆಯಲ್ಲಿ ಕಾಗದ ಇಟ್ಟುಕೊಳ್ಳಿ ಅಂತ ಹೇಳುವುದಕ್ಕೆ, ಬರೀ ಕಾಗದಕ್ಕೆ ಕಸ್ಟಮ್ಸ್ ಫಾರ್ಮ್ ಕೇಳಬೇಡಿ ಅಂತ ಹೇಳುವುದಕ್ಕೆ ದೆಹಲಿ ಯಾಕೆ ಬೇಕು? ತಮ್ಮ ಒಂದು ಸಹಿ ಸಾಕು.

ಬೇಸಿಗೆ ರಜೆ ಮತ್ತೆ ಬರುತ್ತಿದೆ. ಜಪಾನಿನ ಟೀಚರ್ ಇನ್ನೊಂದು ಸಲ ಕಳಿಸುತ್ತೇವೆ ಅಂದಿದ್ದಾರೆ. ಏಪ್ರಿಲ್‌ಗೆ ಮೊದಲು ಆ ಸುತ್ತೋಲೆ ಹೊರಡಿಸಿ, ಪ್ರತಿ ಹಳ್ಳಿಯ ಅಂಚೆ ಕಚೇರಿಯ ಗೋಡೆಗೆ ಅಂಟಿಸಿ, ಕನ್ನಡದಲ್ಲಿ. ನನ್ನ ದೂರನ್ನು ಮತ್ತೆ ತೆರೆಸಿ, ಆ ಟಿಕ್ ಹೇಗೆ ಬಿತ್ತು ಅಂತ ವಿಚಾರಿಸಿ, ಇದು ಇಲಾಖೆಯ ಕಡೆಯಿಂದ ಆದ ತಪ್ಪು ಅಂತ ಜಪಾನಿನ ಆ ಶಾಲೆಗೆ ತಮ್ಮ ಕಚೇರಿಯಿಂದ ಎರಡು ಸಾಲು ಬರೆಯಿರಿ. ವಿಳಾಸ ನಾನು ಕೊಡುತ್ತೇನೆ.

ಇತಿ,
ಸರ್ಕಾರಿ ಪ್ರೌಢಶಾಲೆಯ ಒಬ್ಬ ಇಂಗ್ಲಿಷ್ ಶಿಕ್ಷಕಿ