ತೋಳಿನ ತುಂಬ ಹಳೇಬೀಡು, ಎಲ್ಲರಿಗೂ ಥ್ಯಾಂಕ್ಸ್

ಭುಜದಿಂದ ಮಣಿಕಟ್ಟಿನ ತನಕ ಫುಲ್ ಸ್ಲೀವ್ ಟ್ಯಾಟೂ ಕೊನೆಗೂ ಮುಗೀತು. ಲಾಸ್ಟ್ ಸೆಷನ್ ಆದ್ಮೇಲೆ ಸಿಪ್ಪೆ ಎಲ್ಲ ಉದುರಿ ಚರ್ಮ ಸರಿಹೋಗಿದೆ, ಅದಕ್ಕೇ ಈಗ ಬರೀತಿದೀನಿ. ಆಕ್ಸಿಡೆಂಟಲ್ಲಿ ತೋಳು ಮುರಿದು ಪ್ಲೇಟ್ ಹಾಕಿಸ್ಕೊಂಡಾಗಿಂದ ಎಷ್ಟೇ ಸೆಕೆ ಇದ್ರೂ ನಾನು ತುಂಬುತೋಳಿನ ಬಟ್ಟೆ ಬಿಟ್ಟು ಬೇರೆ ಹಾಕಿದ್ದೇ ಇಲ್ಲ, ಹತ್ತಿರದವರಿಗೆ ಇದು ಗೊತ್ತು.

ಮೊದಲ ಥ್ಯಾಂಕ್ಸ್ ನನ್ನ ಆರ್ಟಿಸ್ಟ್ ಅಕ್ಕಂಗೆ. ಅಡ್ವಾನ್ಸ್ ಹಿಡ್ಕೊಂಡು ಹೋದೋಳ್ನ ಅವತ್ತೇ ವಾಪಸ್ ಕಳಿಸಿದ್ರು. ಆಪರೇಷನ್ ಕಲೆ ಇನ್ನೂ ಕೆಂಪಗೆ ಉಬ್ಬಿದೆ, ಅದು ತಣಿದು ಚಪ್ಪಟೆ ಆಗೋಕೆ ಕಮ್ಮಿ ಅಂದ್ರೂ ಒಂದು ವರ್ಷ ಬೇಕು, ಆಮೇಲೂ ಡಾಕ್ಟರ್‌ನ ಕೇಳ್ಕೊಂಡೇ ಬಾ, ಕೆಲಾಯ್ಡ್, ಅಂದ್ರೆ ಗಾಯದ ಕಲೆ ಗಂಟಿನ ಥರ ಉಬ್ಬಿ ಬೆಳೆಯೋದು, ಆಗೋ ಮೈ ಆದ್ರೆ ನಾನು ಸೂಜಿ ಮುಟ್ಟಿಸೋದೇ ಇಲ್ಲ ಅಂದ್ರು. ಬರೋ ಗಿರಾಕಿನ ಹಿಂಗೆ ಕಾಯಿಸೋ ಧೈರ್ಯ ಎಷ್ಟು ಜನಕ್ಕಿರತ್ತೆ?

ಆ ಕಾಯೋ ಟೈಮಲ್ಲೇ ಡಿಸೈನ್ ಹುಟ್ಟಿದ್ದು. ನಮ್ದು ಹಾಸನದ ಕಡೆ, ಹೊಯ್ಸಳೇಶ್ವರ ಗುಡಿ ಗೋಡೆ ನೋಡ್ಕೊಂಡೇ ಬೆಳೆದಿದ್ದು, ಅದೇ ಬೇಕು ಅಂದೆ. ಅಕ್ಕ ನೆಟ್ಟಲ್ಲಿ ಸಿಕ್ಕಿದ ಫೋಟೋ ಸಾಲ್ದು ಅಂತ ಖುದ್ದು ಹಳೇಬೀಡಿಗೆ ಬಂದು ಬಿಸಿಲಲ್ಲಿ ಕೂತು ಸ್ಕೆಚ್ ಮಾಡಿದ್ರು. ಗೋಡೇಲಿ ಕೆಳಗೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ ಸುರುಳಿ, ಕುದುರೆ, ಕಥೆಗಳು, ತುದೀಲಿ ಮಕರ, ಹಂಸ ಅಲ್ವಾ, ಅದೇ ಆರ್ಡರ್ ಇಟ್ರು, ಮಣಿಕಟ್ಟಿಗೆ ಆನೆ, ಭುಜಕ್ಕೆ ಹಂಸ. ಆದ್ರೆ ಗೋಡೆ ನೆಟ್ಟಗಿರತ್ತೆ, ತೋಳು ಹಂಗಲ್ಲ, ತಿರುಗಿದ್ರೆ ಪಟ್ಟಿ ಎಲ್ಲ ಸೊಟ್ಟ ಕಾಣತ್ತೆ ಅಂತ ನನ್ನ ತೋಳಿನ ಮೇಲೇ ಮಾರ್ಕರಲ್ಲಿ ಬರೆದು, ಕೈ ಎತ್ಸಿ, ಮಡಚ್ಸಿ, ಅಳಿಸಿ, ಮತ್ತೆ ಬರೆದು, ಆಮೇಲಷ್ಟೇ ಚರ್ಮಕ್ಕೆ ಅಚ್ಚೊತ್ತೋ ಸ್ಟೆನ್ಸಿಲ್ ಮಾಡಿದ್ದು. ಮೊಣಕೈ ಹತ್ರ ಚರ್ಮ ಎಳೆಯತ್ತೆ ಅಂತ ಅಲ್ಲಿ ಪ್ರಾಣಿ ಬೇಡ, ಬರೀ ಬಳ್ಳಿ. ಆನೆ ಕೊರಳಿನ ಗೆಜ್ಜೆ ಎಲ್ಲ ಬೇಕು ಅಂತ ನಾನು ಎಷ್ಟು ಕೇಳಿದ್ರೂ ಒಪ್ಪಲಿಲ್ಲ, ಇಂಕು ವರ್ಷ ಕಳೆದಂಗೆ ಚರ್ಮದೊಳಗೆ ಹರಡತ್ತೆ, ಈಗ ಗೆಜ್ಜೆ ಆಗಿರೋದು ಆಮೇಲೆ ಕಪ್ಪು ಮಚ್ಚೆ ಆಗತ್ತೆ ಅಂದ್ರು. ಕಲ್ಲಿನ ಆಳ ಬರ್ಲಿ ಅಂತ ಬ್ಲ್ಯಾಕ್ ಆಂಡ್ ಗ್ರೇ ಶೇಡಿಂಗ್, ಬೆಳಕು ಬೀಳೋ ಜಾಗದಲ್ಲಿ ಚರ್ಮ ಹಂಗೇ ಖಾಲಿ.

ಆಪರೇಷನ್ ಕಲೆ? ಅದನ್ನ ಮುಚ್ಚಲಿಲ್ಲ. ಅಲ್ಲಿ ಇಂಕು ಒಂದೇ ಸಮ ಕೂರಲ್ಲ, ಮೊದಲು ನಾಕು ಚುಕ್ಕಿ ಹಾಕಿ ವಾಸಿ ಆಗೋ ತನಕ ಕಾದು ನೋಡಿ, ಆ ಗೆರೇನೇ ಬಳ್ಳಿಯ ಕಾಂಡ ಮಾಡಿದ್ರು. ನಂಗೆ ಈ ಸ್ಲೀವಲ್ಲಿ ಎಲ್ಲಕ್ಕಿಂತ ಇಷ್ಟ ಆಗಿರೋದು ಅದೇ.

ಅಮ್ಮ ಶುರುವಲ್ಲಿ ಮಾತೇ ಬಿಟ್ಟಿದ್ಲು, ಆಮೇಲೆ ಪ್ರತಿ ಸೆಷನ್‌ಗೂ ಹೊಟ್ಟೆ ತುಂಬ ಉಣ್ಣಿಸಿ ಕಳಿಸಿದ್ಲು, ಖಾಲಿ ಹೊಟ್ಟೇಲಿ ಕೂತ್ರೆ ತಲೆ ಸುತ್ತತ್ತೆ ಅಂತ ಅಕ್ಕ ಹೇಳಿದ್ದನ್ನ ನನಗಿಂತ ಜಾಸ್ತಿ ನೆನಪಿಟ್ಕೊಂಡೋಳು ಅವಳೇ. ಮನೇಲಿ ನನ್ನ ಪರ ಮೊದಲು ನಿಂತಿದ್ದು ಅಜ್ಜಿ. ಅವಳ ಕೈಮೇಲೆ ಕೊರವಂಜಿ ಹಾಕಿದ ಹಚ್ಚೆ ಇದೆ, ರಂಗೋಲಿ ಥರ ಚುಕ್ಕಿ, "ನಂಗೆ ಹಾಕಿದ್ದಾಗ ಯಾರೂ ಕೇಳ್ಲಿಲ್ಲ, ನೀನು ನಿನ್ನಿಷ್ಟದ್ದು ಹಾಕಿಸ್ಕೋ ಮಗಾ" ಅಂದ್ಲು. ಆ ಚುಕ್ಕಿನ ಅಳತೆ ಸಮೇತ ಟ್ರೇಸ್ ಮಾಡ್ಕೊಂಡು ಆನೆ ಸಾಲಿನ ಕೆಳಗೆ, ಮಣಿಕಟ್ಟಿನ ಒಳಗಡೆ ಹಾಕಿಸ್ಕೊಂಡಿದೀನಿ. ಅಜ್ಜಿ, ಇದು ನಿಂದೇ.

ಆಫೀಸಲ್ಲಿ ಸೋಮವಾರದ ಕೆಲಸ ಹಂಚ್ಕೊಂಡ ಹುಡುಗೀರಿಗೆ, ತುರಿಕೆ ತಡೀಲಾರದೆ ಕೆರ್ಕೊಳಕ್ಕೆ ಹೋದಾಗೆಲ್ಲ ಕೈ ಹಿಡಿದು ನಿಲ್ಸಿದ ರೂಮ್‌ಮೇಟ್‌ಗೂ ದೊಡ್ಡ ಥ್ಯಾಂಕ್ಸ್.

ಒಂದು ರಿಕ್ವೆಸ್ಟ್ ಇದೆ. ಟ್ಯಾಟೂ ಆದ್ಮೇಲೆ ಒಂದು ವರ್ಷ ರಕ್ತ ಕೊಡೋ ಹಂಗಿಲ್ಲ, ನಾನು ತಪ್ಪದೆ ಕೊಡ್ತಿದ್ದೋಳು. ನಿಮ್ಮಲ್ಲಿ ಯಾರಾದ್ರೂ ಬಿ ಪಾಸಿಟಿವ್ ಇದ್ರೆ ಈ ವರ್ಷ ನನ್ನ ಬದಲು ಹೋಗಿ ಕೊಟ್ಟು ಬನ್ನಿ, ನಾನೇ ಜೊತೆಗೆ ಬರ್ತೀನಿ, ತುಂಡುತೋಳಿನ ಕುರ್ತಾ ಹಾಕ್ಕೊಂಡು!